ನಿಮ್ಮ ತ್ರೀಡಿ ಚಿತ್ರದಲ್ಲಿ ಈಗ ಗಂಟೆ ಎಷ್ಟು?

"ಮಾಡೆಲ್ ಸರಿಯಾಗಿದೆ, ಮೆಟೀರಿಯಲ್ ಎಲ್ಲ ಹಾಕಿದ್ದೇನೆ, ಆದರೂ ಚಿತ್ರದಲ್ಲಿ ಜೀವ ಇಲ್ಲ. ಏನು ಮಾಡಲಿ?"

ಮೈಸೂರು, ಮಂಡ್ಯ ಕಡೆಯ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸುತ್ತಿ ಬಳಸಿ ಇದೇ. ಸಣ್ಣ ಆಫೀಸಿನಲ್ಲಿ ಡ್ರಾಫ್ಟಿಂಗ್ ಜೊತೆಗೆ ತ್ರೀಡಿಯನ್ನೂ ತಲೆಗೆ ಹಾಕಿಕೊಂಡವರು ಕೇಳುವುದೂ ಇದನ್ನೇ. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಕಳಿಸುತ್ತಾರೆ. ನಾನು ವಾಪಸ್ ಕೇಳುತ್ತೇನೆ: ಇದರಲ್ಲಿ ಈಗ ಗಂಟೆ ಎಷ್ಟು? ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಬಿಸಿಲು ಎಲ್ಲಿಂದಲೋ ಬರುತ್ತಿರುತ್ತದೆ. ಆಕಾಶ ಯಾವುದೋ ದೇಶದ್ದು. ಮಟಮಟ ಮಧ್ಯಾಹ್ನ ಮನೆಯ ಲೈಟೆಲ್ಲ ಉರಿಯುತ್ತಿರುತ್ತವೆ.

ಒಂದು ಹೊತ್ತು, ಒಂದು ಮನೆ, ಅಲ್ಲಿರುವ ಜನ ಯಾರು ಅಂತ ಮೊದಲೇ ಗಟ್ಟಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಅದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗೆ ನಮ್ಮಲ್ಲಿ ಎಲ್ಲರಿಗೂ ಸಿಗುವ ಕೆಲಸವನ್ನೇ ತೆಗೆದುಕೊಳ್ಳೋಣ: ಮೈಸೂರಿನ ಯಾವುದೋ ಬಡಾವಣೆಯ 30-40 ಸೈಟು, ಪೂರ್ವ ದಿಕ್ಕಿನ ಬಾಗಿಲು, ಎರಡು ಮಹಡಿಯ ಮನೆ.

ಏನೇನು ಬೇಕು

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ನಾನು ಬ್ಲೆಂಡರ್ ಲೆಕ್ಕದಲ್ಲಿ ಹೇಳುತ್ತೇನೆ, ಅದು ಉಚಿತ ಅನ್ನೋ ಕಾರಣಕ್ಕೆ. ಲೂಮಿಯನ್, ಎನ್‌ಸ್ಕೇಪ್, ಡಿ5, ವಿ-ರೇ, ಕೊರೋನಾ ಬಳಸುವವರಿಗೆ ಇವೇ ಸೌಲಭ್ಯ ಬೇರೆ ಹೆಸರಲ್ಲಿ ಸಿಗುತ್ತವೆ. ಉತ್ತರ ದಿಕ್ಕು ಗುರುತು ಮಾಡಿದ ಸೈಟ್ ಪ್ಲಾನ್ ಬೇಕೇ ಬೇಕು. ಸೈಟಿನ ಮುಂದೆ ನಿಂತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನಿನಲ್ಲಿ ತೆಗೆದ ಫೋಟೋಗಳು ಬೇಕು. ಬರೀ ಸೈಟಿನ ಫೋಟೋ ಸಾಲದು. ಎದುರು ಮನೆ, ಪಕ್ಕದ ಮನೆ, ರಸ್ತೆ, ಮರ, ಕರೆಂಟ್ ಕಂಬ ಎಲ್ಲ ಬರಲಿ. ಸೈಟಿಗೇ ಹೋಗದೆ ತ್ರೀಡಿ ಮಾಡುವವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ಒಂದು ಸಲ ಹೋಗಿ ಬನ್ನಿ.

1. ಎರಡು ಸಾಲು ಬರೆದುಕೊಳ್ಳಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಯಾವ ತಿಂಗಳು, ಎಷ್ಟು ಗಂಟೆ, ಮನೆಯಲ್ಲಿ ಯಾರಿದ್ದಾರೆ, ಒಂದು ನಿಮಿಷದ ಹಿಂದೆ ಇಲ್ಲಿ ಏನಾಯಿತು.

ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು: "ಮಾರ್ಚ್ ಕೊನೆ, ಬೆಳಿಗ್ಗೆ ಎಂಟೂವರೆ. ಬಾಗಿಲ ಮುಂದೆ ತೊಳೆದು ರಂಗೋಲಿ ಹಾಕಿಯಾಗಿದೆ. ತಾತ ಪೇಪರ್ ಓದುತ್ತಿದ್ದವರು ಈಗಷ್ಟೇ ಒಳಗೆ ಎದ್ದು ಹೋದರು."

ಇಷ್ಟು ಸಾಕು. ಮುಂದೆ ಏನೇ ಅನುಮಾನ ಬಂದರೂ ಈ ಚೀಟಿ ನೋಡಿ. ಬಾಲ್ಕನಿಯಲ್ಲಿ ಲೈಟ್ ಹಾಕಲಾ? ಎಂಟೂವರೆ ಬೆಳಿಗ್ಗೆ, ಬೇಡ. ನೆಲ ಒದ್ದೆ ಇರಲಾ? ತೊಳೆದಿದ್ದಾರೆ, ಇರಲಿ. ಕ್ಲೈಂಟ್ ಜೊತೆ ಮಾತಾಡುವಾಗಲೂ "ಮೂಡ್ ಹೇಗಿರಬೇಕು ಸರ್" ಅಂತ ಕೇಳಬೇಡಿ, "ರಿಚ್ ಆಗಿರಲಿ" ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಬೆಳಿಗ್ಗೆ ಎದ್ದ ಮೇಲೆ ಎಲ್ಲಿ ಕೂತು ಕಾಫಿ ಕುಡೀತೀರಿ?" ಅಂತ ಕೇಳಿ. ಉತ್ತರದಲ್ಲೇ ಚಿತ್ರ ಸಿಗುತ್ತದೆ.

2. ಸೂರ್ಯನನ್ನು ಮೈಸೂರಿಗೆ ತನ್ನಿ

ಇದೇ ಮುಖ್ಯ ಹಂತ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಬ್ಲೆಂಡರ್‌ಗೆ ಸನ್ ಪೊಸಿಷನ್ ಎಂಬ ಆಡ್-ಆನ್ ಇದೆ, ಅಂದರೆ ನಾವು ಬೇಕೆಂದಾಗ ಸೇರಿಸಿಕೊಳ್ಳುವ ಸೌಲಭ್ಯ. ಊರು, ದಿನ, ಗಂಟೆ ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗಕ್ಕೆ ತರುತ್ತದೆ. ಮೈಸೂರಿಗೆ ಅಕ್ಷಾಂಶ 12.3, ರೇಖಾಂಶ 76.65, ಸಮಯ ವಲಯ 5.5 ಅಂತ ಕೊಡಿ. ಈ ಸಮಯ ವಲಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಅದನ್ನು ಸೊನ್ನೆಯಲ್ಲೇ ಬಿಟ್ಟರೆ ನಿಮ್ಮ ಬೆಳಗು ಮಧ್ಯಾಹ್ನ ಆಗಿರುತ್ತದೆ. ಮಾಡೆಲ್‌ನ ಉತ್ತರ ಮತ್ತು ಪ್ಲಾನಿನ ಉತ್ತರ ಒಂದೇ ಇದೆಯಾ ಅಂತಲೂ ನೋಡಿಕೊಳ್ಳಿ. ಡ್ರಾಯಿಂಗ್ ಹಾಳೆಯಲ್ಲಿ ಚೆಂದ ಕೂರಲಿ ಅಂತ ಪ್ಲಾನನ್ನು ತಿರುಗಿಸಿರುತ್ತಾರೆ.

ಈಗ ಅತಿ ಸಾಮಾನ್ಯ ಬೇಡಿಕೆಗೆ ಬರೋಣ. ಪೂರ್ವದ ಬಾಗಿಲಿನ ಮನೆ, ಕ್ಲೈಂಟಿಗೆ ಎಲಿವೇಶನ್ ಮೇಲೆ, ಅಂದರೆ ಮನೆಯ ಮುಂಭಾಗದ ಮೇಲೆ, ಸಂಜೆಯ ಹೊಂಬಿಸಿಲು ಬೇಕು. ಸಂಜೆ ಸೂರ್ಯ ಮನೆಯ ಹಿಂದೆ ಇರುತ್ತಾನೆ. ಮುಂದಿನ ಗೋಡೆಗೆ ಆ ಬಿಸಿಲು ಬೀಳುವುದೇ ಇಲ್ಲ. ವಾಸ್ತು ನೋಡಿ ಪೂರ್ವದ ಸೈಟು ಹುಡುಕಿ ಕೊಂಡವರಿಗೆ ಇದನ್ನು ಬಿಡಿಸಿ ಹೇಳಿದರೆ ಥಟ್ ಅಂತ ಅರ್ಥವಾಗುತ್ತದೆ. ಬೇಕಾದರೆ ಬೆಳಗಿನ ಎಳೆಬಿಸಿಲು ಕೊಡಿ, ಬಣ್ಣ ಹೆಚ್ಚುಕಡಿಮೆ ಅದೇ.

ಬೆಳಗಿನ ಬಿಸಿಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. 30 ಅಡಿ ರಸ್ತೆ, ಎರಡೂ ಕಡೆ ಮನೆ ಮುಂದೆ ಖಾಲಿ ಬಿಟ್ಟ ಸ್ವಲ್ಪ ಜಾಗ (ಸೆಟ್‌ಬ್ಯಾಕ್) ಸೇರಿ, ನಮ್ಮ ಗೋಡೆಗೂ ಎದುರು ಮನೆಗೂ ಸುಮಾರು 12 ಮೀಟರ್ ಅಂತರ ಅಂದುಕೊಳ್ಳಿ. ಎದುರು ಮನೆ 7 ಮೀಟರ್ ಎತ್ತರ. ಮಾರ್ಚ್ ಕೊನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಸೂರ್ಯ ಸುಮಾರು 15 ಡಿಗ್ರಿ ಮೇಲಿರುತ್ತಾನೆ. ಆಗ ಎದುರು ಮನೆಯ ನೆರಳು ನಮ್ಮ ಗೋಡೆಯ ಮೇಲೆ ನಾಲ್ಕು ಮೀಟರ್ ತನಕ ಹತ್ತಿರುತ್ತದೆ. ಅಂದರೆ ಕೆಳಗಿನ ಮನೆ ಪೂರ್ತಿ ನೆರಳು, ಮೇಲಿನ ಮಹಡಿಗೆ ಮಾತ್ರ ಬಿಸಿಲು. ಬಾಗಿಲ ಬುಡಕ್ಕೆ ಬಿಸಿಲು ಇಳಿಯಬೇಕಾದರೆ ಸೂರ್ಯ 30 ಡಿಗ್ರಿಗೆ ಬರಬೇಕು, ಅಷ್ಟೊತ್ತಿಗೆ ಎಂಟೂವರೆ. ಚೀಟಿಯಲ್ಲಿ ಎಂಟೂವರೆ ಅಂತ ಬರೆದದ್ದು ಇದಕ್ಕೇ.

ಹಾಗಾಗಿ ಎದುರು ಮನೆ, ಪಕ್ಕದ ಮನೆಗಳನ್ನು ಸುಮ್ನೆ ಡಬ್ಬಿಗಳಾಗಿಯಾದರೂ ಮಾಡೆಲ್ ಮಾಡಿ. ಚಿತ್ರದಲ್ಲಿ ಅವು ಕಾಣದಿದ್ದರೂ ಪರವಾಗಿಲ್ಲ, ಅವುಗಳ ನೆರಳು ಕಾಣಬೇಕು. ಎದುರಿನ ಎರಡು ಮನೆಗಳ ಸಂದಿನಿಂದ ಒಂದು ಪಟ್ಟಿ ಬಿಸಿಲು ನುಸುಳಿ ಗೇಟಿನ ಮೇಲೆ ಬಿದ್ದರೆ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಖಾಲಿ ಬಯಲಿನಲ್ಲಿ ನಿಲ್ಲಿಸಿದ ಮನೆಗೆ ಈ ಭಾಗ್ಯ ಇಲ್ಲ.

ಇನ್ನೊಂದೆರಡು ಎಚ್ಚರಿಕೆ. ಏಪ್ರಿಲ್ 22ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ "ಉತ್ತರದ ಗೋಡೆಗೆ ಬಿಸಿಲು ಬೀಳಲ್ಲ" ಅಂತ ಹೊರದೇಶದ ಟ್ಯುಟೋರಿಯಲ್‌ನಲ್ಲಿ ಹೇಳಿದ್ದನ್ನು ಇಲ್ಲಿಗೆ ತರಬೇಡಿ. ಜೂನ್‌ನಲ್ಲಿ ನಮ್ಮ ಉತ್ತರದ ಗೋಡೆಗೂ ಬಿಸಿಲಿದೆ. ನೆತ್ತಿಯ ಸೂರ್ಯ ಮಾತ್ರ ಯಾವ ಚಿತ್ರಕ್ಕೂ ಒಳ್ಳೆಯದಲ್ಲ. ಸಜ್ಜೆಯ ನೆರಳು ಗೋಡೆಯನ್ನೆಲ್ಲ ನುಂಗಿಬಿಡುತ್ತದೆ.

ಎಚ್‌ಡಿಆರ್‌ಐ ಬಳಸುವವರಿಗೆ ಒಂದು ಮಾತು. ಎಚ್‌ಡಿಆರ್‌ಐ ಅಂದರೆ ಆಕಾಶದ ಪೂರ್ತಿ ಸುತ್ತಿನ ಫೋಟೋ, ನಿಜವಾದ ಬೆಳಕಿನ ಪ್ರಮಾಣದ ಸಮೇತ. ಪಾಲಿ ಹೇವನ್ ಎಂಬ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಆ ಫೋಟೋದೊಳಗೂ ಒಬ್ಬ ಸೂರ್ಯ ಇರುತ್ತಾನೆ. ಅದರ ಜೊತೆ ಸನ್ ಲ್ಯಾಂಪ್ (ಸಾಫ್ಟ್‌ವೇರ್ ಕೊಡುವ ಸೂರ್ಯ) ಕೂಡ ಹಾಕಿದರೆ ಎರಡು ನೆರಳು ಬೀಳುತ್ತವೆ. ಮೋಡದ ಆಕಾಶದ ಫೋಟೋ ಆರಿಸಿಕೊಂಡು ಸೂರ್ಯನನ್ನು ನೀವೇ ಇಡಿ, ಇಲ್ಲವೇ ಫೋಟೋದ ಸೂರ್ಯನನ್ನೇ ಸರಿಯಾದ ದಿಕ್ಕಿಗೆ ತಿರುಗಿಸಿ.

3. ಕ್ಯಾಮೆರಾ ಎಲ್ಲಿ?

ನಿಂತ ಮನುಷ್ಯನ ಕಣ್ಣೆತ್ತರ, ಒಂದೂವರೆ ಮೀಟರ್. ಕೂತು ನೋಡುವ ಜಾಗವಾದರೆ 1.1 ಅಥವಾ 1.2 ಮೀಟರ್. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಬೇಡಿ, ಗೋಡೆಗಳು ಒಳಕ್ಕೆ ವಾಲುತ್ತವೆ. ಸಮತಟ್ಟಾಗಿಟ್ಟು, ಶಿಫ್ಟ್ ಎಂಬ ಆಯ್ಕೆಯಿಂದ ಚೌಕಟ್ಟನ್ನಷ್ಟೇ ಮೇಲಕ್ಕೆ ಸರಿಸಿ.

ಹೊರಗಿನ ಚಿತ್ರಕ್ಕೆ 28ರಿಂದ 35 ಎಂಎಂ ಲೆನ್ಸ್ ಸಾಕು. ಒಳಗಡೆ ಎಲ್ಲವನ್ನೂ ತುರುಕುವ ಆಸೆಯಿಂದ 16, 18ಕ್ಕೆ ಇಳಿಯುತ್ತಾರೆ. ಆಗ 10-12ರ ರೂಮು ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಗೃಹಪ್ರವೇಶದ ದಿನ ಬೈಗುಳ ತಿನ್ನುವವರು ಆರ್ಕಿಟೆಕ್ಟ್. ಒಂದು ಮೂಲೆಯನ್ನಷ್ಟೇ ತೋರಿಸಿ. ಉಳಿದ ರೂಮನ್ನು ನೋಡುವವರು ತಾವೇ ಊಹಿಸಿಕೊಳ್ಳುತ್ತಾರೆ.

4. ಮುಸ್ಸಂಜೆ ಬೇಕು ಅನ್ನುವವರಿಗೆ

ಮುಸ್ಸಂಜೆ ಚಿತ್ರ ಅಂದರೆ ಆಕಾಶದ ನೀಲಿಯೂ ಮನೆಯ ದೀಪದ ಹಳದಿಯೂ ಒಂದೇ ತೂಕಕ್ಕೆ ಬರುವ ಹೊತ್ತು. ನಮ್ಮ ಅಕ್ಷಾಂಶದಲ್ಲಿ ಕತ್ತಲು ಬೇಗ ಕವಿಯುತ್ತದೆ. ಸೂರ್ಯ ಮುಳುಗಿದ ಮೇಲೆ 15-20 ನಿಮಿಷ ಸಿಕ್ಕರೆ ಹೆಚ್ಚು.

ಇದನ್ನು ಕಣ್ಣಾರೆ ನೋಡಬೇಕಾದರೆ ಭಾನುವಾರ ಅರಮನೆಯ ಹತ್ತಿರ ಹೋಗಿ. ಸಂಜೆ 7ರ ಹೊತ್ತಿಗೆ ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ 6:50ರ ಸುಮಾರಿಗೆ. ಹಾಗಾಗಿ ದೀಪ ಹೊತ್ತಿದಾಗ ಹಿಂದಿನ ಆಕಾಶ ಇನ್ನೂ ನೀಲಿ. ಗುಮ್ಮಟದ ಗುಂಡು, ಕಲ್ಲಿನ ಬಣ್ಣ, ಕಮಾನಿನೊಳಗಿನ ನೆರಳು ಎಲ್ಲ ಕಾಣುತ್ತವೆ. ಡಿಸೆಂಬರ್‌ನಲ್ಲಿ ಸೂರ್ಯ 6ಕ್ಕೇ ಮುಳುಗಿರುತ್ತಾನೆ. ಆಗ 7 ಗಂಟೆಗೆ ಕಪ್ಪು ಆಕಾಶದ ಮೇಲೆ ಚಿನ್ನದ ಗೆರೆಗಳಷ್ಟೇ, ಕಟ್ಟಡ ಮಾಯ. ಬಲ್ಬ್ ಅವೇ, ಗಂಟೆ ಅದೇ, ತಿಂಗಳು ಬೇರೆ. ನಿಮ್ಮ ಕ್ಲೈಂಟಿಗೆ ಬೇಕಾಗಿರುವುದು ಬಹುಶಃ ಜೂನ್‌ನ ಚಿತ್ರ. ಕಟ್ಟಡದ ಆಕಾರ ಕಾಣಬೇಕಲ್ವಾ?

ದೀಪದ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಸಂಖ್ಯೆ ಕಡಿಮೆ ಇದ್ದಷ್ಟೂ ಹಳದಿ, ಜಾಸ್ತಿಯಾದಷ್ಟೂ ನೀಲಿ. ಹಳೇ ಬಲ್ಬು ಮತ್ತು ವಾರ್ಮ್ ಎಲ್‌ಇಡಿ 2700ರಿಂದ 3000, ಬಿಳಿ ಟ್ಯೂಬ್‌ಲೈಟ್ 6500, ಎಣ್ಣೆಯ ದೀಪ 2000ಕ್ಕೂ ಕೆಳಗೆ. ಎಲ್ಲ ಕಿಟಕಿಗೂ ಒಂದೇ 3000 ಹಾಕುವುದು ಎಲ್ಲರ ಚಾಳಿ. ನಮ್ಮ ಮನೆಗಳು ಹಾಗಿರುವುದಿಲ್ಲ. ಅಡುಗೆಮನೆಯಲ್ಲಿ ಬಿಳಿ ಟ್ಯೂಬು, ಹಾಲ್‌ನಲ್ಲಿ ಹಳದಿ, ದೇವರ ಮನೆಯಲ್ಲಿ ದೀಪದ ಕೆಂಪು. ಎರಡು ರೂಮು ಕತ್ತಲೆಯಲ್ಲೂ ಇರಲಿ. ಯಾರು ಎಲ್ಲಿದ್ದಾರೆ ಅಂತ ಹೊರಗಿನಿಂದಲೇ ಗೊತ್ತಾಗಬೇಕು.

5. ಗೋಡೆಗೂ ನೆಲಕ್ಕೂ ವಯಸ್ಸು ಕೊಡಿ

ಬಿಳಿ ಪೇಂಟಿಗೆ ಪೂರ್ತಿ ಬಿಳಿ, ಅಂದರೆ 1, ಕೊಡಬೇಡಿ, 0.8ಕ್ಕೆ ನಿಲ್ಲಿಸಿ. ನಿಜವಾದ ಸುಣ್ಣವೂ ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವುದಿಲ್ಲ. ಗೋಡೆಯ ಅಂಚು, ಮೆಟ್ಟಿಲ ಅಂಚುಗಳಿಗೆ ಎರಡು ಮೂರು ಮಿಲಿಮೀಟರ್ ದುಂಡು ಕೊಡಿ. ಅಲ್ಲಿ ಬೆಳಕಿನ ಸಣ್ಣ ಗೆರೆ ಹಿಡಿಯುತ್ತದೆ. ಚಾಕುವಿನಂತೆ ಚೂಪಾದ ಅಂಚು ಕಂಪ್ಯೂಟರಿನಲ್ಲಿ ಮಾತ್ರ ಇರುವುದು.

ರಫ್‌ನೆಸ್ ಅಂದರೆ ಮೇಲ್ಮೈ ಎಷ್ಟು ಒರಟು ಅನ್ನುವ ಅಳತೆ. ಸೊನ್ನೆ ಕನ್ನಡಿ, ಒಂದು ಪೂರ್ತಿ ಮಂಕು. ಇಡೀ ನೆಲಕ್ಕೆ ಒಂದೇ ಸಂಖ್ಯೆ ಕೊಟ್ಟರೆ ಪ್ಲಾಸ್ಟಿಕ್ ಆಗಿಬಿಡುತ್ತದೆ. ಹಳೇ ತೊಟ್ಟಿ ಮನೆಯ ರೆಡ್ ಆಕ್ಸೈಡ್ ನೆಲ ನೋಡಿದ್ದೀರಾ? ಬಾಗಿಲಿಂದ ಅಡುಗೆಮನೆಗೆ ಓಡಾಡುವ ದಾರಿ ಮಿರಮಿರ ಹೊಳೆಯುತ್ತದೆ, ಕಂಬದ ಹಿಂದಿನ ಮೂಲೆ ಮಂಕಾಗಿರುತ್ತದೆ. ಆ ದಾರಿಗೆ 0.2, ಮೂಲೆಗೆ 0.45 ಕೊಟ್ಟು, ನಡುವೆ ಮೆಲ್ಲಗೆ ಬೆರೆಸಿ. ಆ ಮನೆಯಲ್ಲಿ ಜನ ಓಡಾಡಿದ್ದಾರೆ ಅಂತ ನೆಲವೇ ಹೇಳುತ್ತದೆ.

ನಮ್ಮ 30-40 ಮನೆಯಲ್ಲಿ ಬಾಗಿಲ ಮುಂದೆ ತೊಳೆದಿದ್ದಾರೆ. ಒದ್ದೆಯಾದ ಕಲ್ಲು ಎರಡು ರೀತಿ ಬದಲಾಗುತ್ತದೆ: ಬಣ್ಣ ಗಾಢವಾಗುತ್ತದೆ, ರಫ್‌ನೆಸ್ ಇಳಿಯುತ್ತದೆ. ಬರೀ ಹೊಳಪು ಕೊಟ್ಟು ಬಣ್ಣ ಹಾಗೇ ಬಿಟ್ಟರೆ ವಾರ್ನಿಷ್ ಬಳಿದಂತಿರುತ್ತದೆ. ಒದ್ದೆಯ ಅಂಚು ನೇರ ಗೆರೆ ಆಗದಿರಲಿ. ಇಳಿಜಾರಿನ ಕಡೆ ಉದ್ದಕ್ಕೆ ಹರಿದಿರಲಿ, ಬಿಸಿಲು ಬಿದ್ದ ಕಡೆ ಒಣಗುತ್ತಿರಲಿ. ರಂಗೋಲಿಯ ಗೆರೆಯೂ ಕೈಯಲ್ಲಿ ಎಳೆದ ಹಾಗೆ ದಪ್ಪ ಸಣ್ಣ ಇರಲಿ.

ಕಾಂಪೌಂಡ್ ಗೋಡೆಯ ಬುಡಕ್ಕೆ ಒಂದಡಿ ಎತ್ತರ ಕೆಂಪು ಮಣ್ಣಿನ ಸಿಡಿತ. ಸಜ್ಜೆಯ ತುದಿಯಿಂದ ಸಣ್ಣ ನೀರಿನ ಕಲೆ. ಹೊಸ ಮನೆಯ ಚಿತ್ರದಲ್ಲಿ ಇದನ್ನು ಕಂಡೂ ಕಾಣದಷ್ಟು ಇಡಿ. ಕ್ಲೈಂಟ್ "ಇದೇನು ಕೊಳೆ" ಅಂತ ಕೇಳಿದರೆ ಜಾಸ್ತಿಯಾಯಿತು ಅಂತ ಅರ್ಥ.

6. ಸಾಮಾನು: ಒಂದೊಂದಕ್ಕೂ ಕಾರಣ ಬೇಕು

ಕತೆ ಅಂದ ಕೂಡಲೇ ಸಾಮಾನು ತುಂಬಲು ಶುರು ಮಾಡುತ್ತಾರೆ. ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಬರುತ್ತದೆ: ವೈನ್ ಗ್ಲಾಸು, ಹೊರದೇಶದ ಬ್ರೆಡ್ಡಿನ ಬುಟ್ಟಿ, ಯಾರೂ ಓದದ ಇಂಗ್ಲಿಷ್ ಮ್ಯಾಗಜೀನು, ಸೋಫಾದ ಮೇಲೆ ಉಣ್ಣೆಯ ಹೊದಿಕೆ. ಮಾರ್ಚ್ ತಿಂಗಳ ಮೈಸೂರಿನಲ್ಲಿ ಉಣ್ಣೆ ಯಾಕೆ?

ಚೀಟಿಗೆ ವಾಪಸ್ ಬನ್ನಿ. ತಾತ ಈಗಷ್ಟೇ ಎದ್ದು ಹೋಗಿದ್ದಾರೆ. ಹಾಗಾದರೆ ಸಿಟೌಟ್‌ನ ಕುರ್ಚಿ ಬಾಗಿಲ ಕಡೆಗೆ ಸ್ವಲ್ಪ ತಿರುಗಿರಲಿ. ಕಟ್ಟೆಯ ಮೇಲೆ ಮಡಿಸಿದ ಪೇಪರ್, ಅದು ಹಾರದ ಹಾಗೆ ಮೇಲೊಂದು ಕನ್ನಡಕದ ಡಬ್ಬಿ. ಪಕ್ಕದಲ್ಲಿ ಸ್ಟೀಲ್ ಲೋಟ, ತಳದಲ್ಲಿ ಒಂದಿಷ್ಟು ಕಾಫಿ. ಚಪ್ಪಲಿ ಮೆಟ್ಟಿಲ ಹತ್ತಿರವೇ ಇರಲಿ, ತಾತ ಒಳಗೆ ಹೋಗಿದ್ದಾರೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಒಂದು ಚಪ್ಪಲಿ ಇನ್ನೊಂದಕ್ಕಿಂತ ಅರ್ಧ ಅಡಿ ಹಿಂದೆ. ಮುಗಿಯಿತು. ಇದರ ಮೇಲೆ ಮೊಮ್ಮಗನ ಸೈಕಲ್ಲು, ಬೆಕ್ಕು, ಹಾಲಿನ ಪ್ಯಾಕೆಟ್ಟು ಎಲ್ಲ ತುರುಕಿದರೆ ನೋಡುವವರಿಗೆ ಯಾವುದನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ.

ಒಂದು ಪರೀಕ್ಷೆ: ಪ್ರತಿ ಸಾಮಾನನ್ನೂ ತೋರಿಸಿ "ಇದನ್ನು ಇಲ್ಲಿಟ್ಟವರು ಯಾರು?" ಅಂತ ಕೇಳಿಕೊಳ್ಳಿ. "ನಾನು" ಅಂತ ಉತ್ತರ ಬಂದರೆ ಅಳಿಸಿ.

ಹೊರಗಿನ ನಿಜಗಳನ್ನೂ ಮುಚ್ಚಬೇಡಿ. ತಾರಸಿಯ ಮೇಲೆ ಸೋಲಾರ್ ಹೀಟರ್, ನೀರಿನ ಟ್ಯಾಂಕ್, ಗೇಟಿನ ಪಕ್ಕ ಮೀಟರ್ ಬಾಕ್ಸ್, ಕಿಟಕಿಗೆ ಗ್ರಿಲ್. ಇವು ಹೇಗೂ ಬರುತ್ತವೆ. ಎಲ್ಲಿ ಬರುತ್ತವೆ ಅಂತ ಚಿತ್ರದಲ್ಲೇ ಗೊತ್ತಾದರೆ ಡಿಸೈನ್ ಮಾಡುವವರಿಗೂ ಉಪಯೋಗ. ಅಪಾರ್ಟ್‌ಮೆಂಟ್, ಲೇಔಟ್ ಕೆಲಸ ಮಾಡುವವರು ಇನ್ನೂ ಹುಷಾರಾಗಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಹಣ ಕಟ್ಟಿದವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಜಾಹೀರಾತಿನಲ್ಲಿ ಇಲ್ಲದ ಪಾರ್ಕನ್ನು ಬಿಡಿಸಿದ್ದು ನಿಮ್ಮ ಚಿತ್ರವೇ ಆಗಿದ್ದರೆ ಮೊದಲ ಫೋನ್ ನಿಮಗೇ ಬರುತ್ತದೆ.

7. ಮರ ಮತ್ತು ಮನುಷ್ಯರು

ರೆಡಿ ಲೈಬ್ರರಿಯ ಮರಗಳು ಬಹುಪಾಲು ಚಳಿದೇಶದವು. ಮೇಪಲ್, ಬರ್ಚ್ ತೆಗೆದುಹಾಕಿ ಹೊಂಗೆ, ತೆಂಗು, ನುಗ್ಗೆ, ಬಾಳೆ, ದಾಸವಾಳ ಹಾಕಿ. ತಿಂಗಳು ನೆನಪಿರಲಿ. ಗುಲ್‌ಮೊಹರ್ ಕೆಂಪಗೆ ಹೂ ಬಿಡುವುದು ಬೇಸಿಗೆಯಲ್ಲಿ, ಡಿಸೆಂಬರ್ ಚಿತ್ರಕ್ಕೆ ಅದನ್ನು ತರಬೇಡಿ. ಮಂಡ್ಯದ ಗದ್ದೆ ಬಯಲಲ್ಲಿ ಫಾರ್ಮ್‌ಹೌಸ್ ಮಾಡುತ್ತಿದ್ದರೆ ಇದು ಇನ್ನೂ ಮುಖ್ಯ. ನಾಲೆಗೆ ನೀರು ಬಿಟ್ಟು ಮಳೆಗಾಲದಲ್ಲಿ ನಾಟಿಯಾದ ಭತ್ತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಟ್ಟ ಹಸಿರು, ಜನವರಿಯಲ್ಲಿ ಬರೀ ಕೂಳೆ. ರೈತರ ಮಗ ಕ್ಲೈಂಟ್ ಆಗಿದ್ದರೆ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತಾನೆ.

ಮನುಷ್ಯರು ಒಬ್ಬರೋ ಇಬ್ಬರೋ ಸಾಕು. ಕೋಟು ಹಾಕಿ ಬ್ರೀಫ್‌ಕೇಸ್ ಹಿಡಿದ ಬಿಳಿಯರು ಬೇಡ. ನಿಮ್ಮ ಮನೆಯವರನ್ನೇ, ಸ್ನೇಹಿತರನ್ನೇ ಕೇಳಿ ಒಪ್ಪಿಸಿ, ಚಿತ್ರದ ಬಿಸಿಲಿನ ದಿಕ್ಕಿನಲ್ಲೇ ನಿಲ್ಲಿಸಿ ಫೋಟೋ ತೆಗೆದುಕೊಳ್ಳಿ. ಮುಖ ಕ್ಯಾಮೆರಾ ಕಡೆಗೆ ಬೇಡ, ಕೆಲಸದ ಕಡೆಗಿರಲಿ.

8. ಗಾಳಿಯಲ್ಲೂ ಏನಾದರೂ ಇರಲಿ

ದೂರದ ವಸ್ತು ಹತ್ತಿರದ್ದಕ್ಕಿಂತ ಮಸುಕಾಗಿ, ಸ್ವಲ್ಪ ನೀಲಿಯಾಗಿ ಕಾಣುತ್ತದೆ. ಬೆಳಿಗ್ಗೆ ಊರ ಹೊರಗಿನಿಂದ ಚಾಮುಂಡಿ ಬೆಟ್ಟ ನೋಡಿದರೆ ಗೊತ್ತಾಗುತ್ತದೆ. ಬ್ಲೆಂಡರ್‌ನಲ್ಲಿ ಇದಕ್ಕೆ ವಾಲ್ಯೂಮ್ ಸ್ಕ್ಯಾಟರ್ ಇದೆ, ಅಂದರೆ ಗಾಳಿಯಲ್ಲಿ ಬೆಳಕು ಚದುರುವ ಹಾಗೆ ಮಾಡುವುದು. ಸಾಂದ್ರತೆ 0.01 ಕೊಟ್ಟರೆ 100 ಮೀಟರ್ ಆಚೆಯಿಂದ ನೇರ ಬರುವ ಬೆಳಕು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಅದು ದಟ್ಟ ಮಂಜು. ಸಾಮಾನ್ಯ ಬೆಳಗಿಗೆ 0.001 ಸಾಕು. ಕಂಪ್ಯೂಟರ್ ಸುಸ್ತಾದರೆ ಮಿಸ್ಟ್ ಪಾಸ್ ತೆಗೆದು ಆಮೇಲೆ ಬೆರೆಸಿ. ದೂರವನ್ನು ಕಪ್ಪು ಬಿಳುಪಿನಲ್ಲಿ ತೋರಿಸುವ ಇನ್ನೊಂದು ಚಿತ್ರ ಅದು.

ಮಂಡ್ಯ ಕಡೆಯ ಚಿತ್ರಕ್ಕೆ ಆಲೆಮನೆಯ ಹೊಗೆ ಒಳ್ಳೆಯ ಆಸರೆ. ಗಾಳಿಯಿಲ್ಲದ ಚಳಿಗಾಲದ ಬೆಳಗಿನಲ್ಲಿ ಆ ಹೊಗೆ ನೆಟ್ಟಗೆ ಮೇಲೇರಿ, ಒಂದು ಎತ್ತರದಲ್ಲಿ ಅಡ್ಡಕ್ಕೆ ಹರಡಿ ನಿಲ್ಲುತ್ತದೆ. ಕಬ್ಬಿನ ಬಯಲಿನ ಆಚೆ ಆ ಒಂದು ಬೂದಿ ಪಟ್ಟಿ ಇಟ್ಟರೆ ಊರು ಯಾವುದು ಅಂತ ಬೋರ್ಡು ಹಾಕಬೇಕಿಲ್ಲ. ಕಟ್ಟಡದ ಹಿಂದೆ ಮಾತ್ರ ಇರಲಿ.

ಮಳೆಯ ಚಿತ್ರ ಮಾಡುವವರು ಬೀಳುವ ಹನಿಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಮಳೆ ನಿಂತು ಐದು ನಿಮಿಷವಾದ ಹೊತ್ತನ್ನು ಆರಿಸಿ. ರಸ್ತೆಯ ಗುಂಡಿಯಲ್ಲಿ ನೀರು, ಹೆಂಚಿನ ತುದಿಯಲ್ಲಿ ತೊಟ್ಟು.

9. ಕೊನೆಯ ಕೈ

ಬ್ಲೆಂಡರ್ 4.0ರಿಂದ ಎಜಿಎಕ್ಸ್ ಎಂಬ ವ್ಯೂ ಟ್ರಾನ್ಸ್‌ಫಾರ್ಮ್, ಅಂದರೆ ಲೆಕ್ಕ ಹಾಕಿದ ಬೆಳಕನ್ನು ಸ್ಕ್ರೀನಿನ ಬಣ್ಣಕ್ಕೆ ಇಳಿಸುವ ವಿಧಾನ, ತಾನಾಗೇ ಬರುತ್ತದೆ. ಅತಿ ಬೆಳಕಿನ ಭಾಗ ಸುಟ್ಟು ಬಿಳಿಯಾಗದ ಹಾಗೆ ನೋಡಿಕೊಳ್ಳುತ್ತದೆ. ಅದನ್ನು ಸ್ಟ್ಯಾಂಡರ್ಡ್‌ಗೆ ಬದಲಿಸಬೇಡಿ. ಚಿತ್ರ ಮಂಕಾಯಿತು ಅನಿಸಿದರೆ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ಗ್ಲೋ, ಲೆನ್ಸ್ ಫ್ಲೇರ್, ಮೂಲೆ ಕಪ್ಪು ಮಾಡುವುದು, ಇವನ್ನೆಲ್ಲ ಹಾಕಿ ನೋಡಿ, ಆಮೇಲೆ ಅರ್ಧಕ್ಕೆ ಇಳಿಸಿ.

ಆಕಾಶವನ್ನು ಫೋಟೋಶಾಪ್‌ನಲ್ಲಿ ಬದಲಿಸುವ ಚಟ ಇದ್ದರೆ ಕಿಟಕಿ ಗಾಜನ್ನು ನೋಡಿ. ಅದರಲ್ಲಿ ಹಳೇ ಆಕಾಶವೇ ಉಳಿದಿರುತ್ತದೆ.

ಕ್ಲೈಂಟ್ ನಿಮ್ಮ ಚಿತ್ರವನ್ನು ಮೊದಲು ನೋಡುವುದು ವಾಟ್ಸಾಪ್‌ನಲ್ಲಿ, ಅದೂ ಬಿಸಿಲಲ್ಲಿ ನಿಂತು. ಹಾಗಾಗಿ ಕಳಿಸುವ ಮೊದಲು ನೀವೇ ಫೋನಿನಲ್ಲಿ ಚಿಕ್ಕದಾಗಿ ನೋಡಿ. ಗೇಟಿನ ಮೇಲಿನ ಆ ಬಿಸಿಲ ಪಟ್ಟಿ ಅಷ್ಟು ಚಿಕ್ಕದರಲ್ಲೂ ಕಾಣುತ್ತಿದೆಯಾ? ನೆರಳಿನ ಭಾಗ ಪೂರ್ತಿ ಕಪ್ಪಾಗಿದೆಯಾ? ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಆಪ್ ಅದನ್ನು ಕುಗ್ಗಿಸಿ ಬಣ್ಣಗಳನ್ನು ಕದಡುತ್ತದೆ. ಎ3 ಪ್ರಿಂಟ್ ಬೇಕೆಂದರೆ 4961×3508 ಪಿಕ್ಸೆಲ್‌ನಲ್ಲಿ ರೆಂಡರ್ ಮಾಡಿ, ಅಂದರೆ ಮಾಡೆಲ್‌ನಿಂದ ಚಿತ್ರ ತೆಗೆಯಿರಿ. ಪ್ರಿಂಟ್ ಯಾವಾಗಲೂ ಸ್ಕ್ರೀನಿಗಿಂತ ಒಂದು ಕೈ ಕತ್ತಲೆ ಬರುತ್ತದೆ, ಹಾಗಾಗಿ ಪ್ರಿಂಟಿನ ಫೈಲನ್ನು ಸ್ವಲ್ಪ ಬೆಳ್ಳಗೆ ಮಾಡಿ ಬೇರೆಯಾಗಿ ಉಳಿಸಿ. ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಹೊರಗೆ ಹಗಲು ಬೆಳಕಿಗೆ ತಂದು ನೋಡಿ.